ಸ್ಥಿರಭೂಮಿಯ ಅಪರೂಪದ ಕಂಪನ

2022ನೆಯ ಇಸವಿಯ ಜೂನ್ 28ರ ಬೆಳಿಗ್ಗೆ, ಮುಂಗಾರಿನ ಮೋಡಗಳು ಪಶ್ಚಿಮಘಟ್ಟದ ಮೇಲೆ ಕವಿದಿದ್ದ ಹೊತ್ತಿನಲ್ಲಿ, ಕೊಡಗಿನ ಚೆಂಬು ಗ್ರಾಮದ ಸುತ್ತಿನಲ್ಲಿಯೂ ಘಟ್ಟದ ಕೆಳಗಿನ ಸುಳ್ಯದ ಸೀಮೆಯಲ್ಲಿಯೂ ಭೂಮಿಯ ಒಡಲಿನಿಂದ ಗುಡುಗು ಕೇಳಿಬಂದು, ಅದರ ಬೆನ್ನಿಗೇ ನೆಲವು ಕೆಲವು ಕ್ಷಣ ನಡುಗಿತು. ರಿಕ್ಟರ್ ಮಾಪನದಲ್ಲಿ ಆ ಕಂಪನದ ಪರಿಮಾಣ 3.0 ಮಾತ್ರ. ಜಗತ್ತಿನಲ್ಲಿ ಇಂಥ ಕಂಪನಗಳು ವರ್ಷಕ್ಕೆ ಲಕ್ಷದ ಮೇಲೆ ಸಂಭವಿಸುತ್ತವೆ. ಜಪಾನಿನಲ್ಲಾಗಿದ್ದರೆ ಇದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳುತ್ತಿರಲಿಲ್ಲ. ಆದರೆ ಅದಕ್ಕೆ ನಾಲ್ಕು ವರ್ಷಗಳ ಹಿಂದೆ ಜೋಡುಪಾಲ, ಮದೆನಾಡುಗಳಲ್ಲಿ ಗುಡ್ಡಗಳೇ ಜರಿದು ಬಂದುದನ್ನು ಕಣ್ಣಾರೆ ಕಂಡಿದ್ದ ಆ ಸೀಮೆಯ ಜನರಿಗೆ, ಕಾಲ ಕೆಳಗಿನ ನೆಲವೇ ಅಲುಗಿದುದು ಅಲ್ಪವಾದ ಸಂಗತಿಯಾಗಿ ತೋರದಿದ್ದುದು ಸಹಜವೇ ಆಗಿದೆ.

ನಮ್ಮ ಪ್ರಸ್ಥಭೂಮಿಯನ್ನು ಅಚಲವೆಂದು ನಾವು ನಂಬಿರುವುದಕ್ಕೆ ಆಧಾರವಿಲ್ಲದಿಲ್ಲ. ಕರ್ನಾಟಕದ ತಳಹದಿಯಾಗಿರತಕ್ಕ ಶಿಲೆಗಳು ಭೂಮಂಡಲದ ಅತ್ಯಂತ ಪುರಾತನ ಶಿಲೆಗಳ ಪಂಕ್ತಿಗೆ ಸೇರಿದವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲೆ ನಿಂತವನು ಸುಮಾರು ಮುನ್ನೂರು ಕೋಟಿ ವರ್ಷಗಳ ವಯಸ್ಸಿನ ಶಿಲೆಯ ಮೇಲೆ ನಿಂತಿರುತ್ತಾನೆ. ಭೂಫಲಕಗಳು ಒಂದನ್ನೊಂದು ಸಂಘಟ್ಟಿಸುವ ಹಿಮಾಲಯದ ಅಂಚಿನಿಂದ ಈ ನಾಡು ಬಹುದೂರದಲ್ಲಿದೆ. ಆದರೆ ಪ್ರಾಚೀನತೆಯೆಂದರೆ ನಿಶ್ಚಲತೆಯಲ್ಲ. ಭಾರತವನ್ನು ಹೊತ್ತಿರುವ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಾಭಿಮುಖವಾಗಿ ಸರಿಯುತ್ತಲಿದೆ. ಹಿಮಾಲಯದಲ್ಲಿ ಅದಕ್ಕೆ ಎದುರಾಗುವ ಪ್ರತಿರೋಧದ ಒತ್ತಡವು ಆ ಪರ್ವತದ ಬುಡದಲ್ಲಿಯೇ ನಿಲ್ಲದೆ, ಕಠಿನವಾದ ಶಿಲಾಫಲಕದ ಮೂಲಕ ದಕ್ಷಿಣಾಪಥದ ತುದಿಯವರೆಗೂ ಹರಡುತ್ತದೆ. ಈ ಶಿಲೆಗಳಲ್ಲಿ ಯುಗಯುಗಗಳ ಹಿಂದೆ ಉಂಟಾದ ಬಿರುಕುಗಳೂ ಸ್ತರಭಂಗಗಳೂ ಅನೇಕವಾಗಿದ್ದು, ಒತ್ತಡವು ಸಂಚಯವಾಗುವುದು ಅಂಥ ದುರ್ಬಲ ಸ್ಥಾನಗಳಲ್ಲಿಯೇ.

ಭಾರವಾದ ಮರದ ಪೆಟ್ಟಿಗೆಯೊಂದನ್ನು ನೆಲದ ಮೇಲೆ ತಳ್ಳುವಾಗ ಅದು ಮೊದಲು ಕದಲದೆ ನಿಂತು, ನಮ್ಮ ಬಲವು ಘರ್ಷಣೆಯನ್ನು ಮೀರಿದ ಕ್ಷಣದಲ್ಲಿ ಥಟ್ಟನೆ ಮುಂದಕ್ಕೆ ಜಾರುವುದನ್ನು ಎಲ್ಲರೂ ಬಲ್ಲರು. ಸ್ತರಭಂಗದ ಎರಡು ಪಕ್ಕಗಳಲ್ಲಿ ನಡೆಯುವುದೂ ಇದೇ. ಈ ಜಾರುವಿಕೆಗೆ ನೀರು ಸಹಾಯಕವಾಗುವುದುಂಟು: ಬಿರುಕುಗಳ ಮೂಲಕ ಆಳಕ್ಕಿಳಿದ ನೀರು ಶಿಲೆಯ ಸಂದುಗಳಲ್ಲಿ ಒತ್ತಡವನ್ನು ಹೆಚ್ಚಿಸಿ, ಎರಡು ಪಕ್ಕಗಳನ್ನು ಬಿಗಿದು ಹಿಡಿದಿದ್ದ ಘರ್ಷಣೆಯನ್ನು ಸಡಿಲಿಸುತ್ತದೆ. ಮಹಾರಾಷ್ಟ್ರದ ಕೊಯ್ನಾದಲ್ಲಿ ಅಣೆಕಟ್ಟಿನ ಹಿಂದೆ ಜಲರಾಶಿ ಸಂಗ್ರಹವಾದ ಮೇಲೆ ಕಂಪನಗಳು ಮೊದಲಾಗಿ, 1967ರ ಡಿಸೆಂಬರ್ 11ರಂದು 6.3 ಪರಿಮಾಣದ ಭೂಕಂಪವಾದುದು ಇದಕ್ಕೆ ಲೋಕಪ್ರಸಿದ್ಧವಾದ ನಿದರ್ಶನ. ಮಳೆಗಾಲದಲ್ಲಿಯೂ ಅದರ ತರುವಾಯದಲ್ಲಿಯೂ ಅಲ್ಲಲ್ಲಿ ಕಾಣಿಸಿಕೊಳ್ಳುವ ಲಘುಕಂಪನಗಳ ಸರಣಿಗೂ ಭೂವಿಜ್ಞಾನಿಗಳು ಇಂಥ ಕಾರಣವನ್ನೇ ಸೂಚಿಸುವುದುಂಟು. ಆದರೆ ನೀರು ನಿಮಿತ್ತಮಾತ್ರ. ಶಕ್ತಿಯು ಶಿಲೆಯಲ್ಲಿ ಮೊದಲೇ ಸಂಚಿತವಾಗಿದ್ದುದು.

ಕಂಪನಕ್ಕೆ ಮುನ್ನ ಶಬ್ದ ಕೇಳಿಸಿತೆಂದು ಜನರು ಹೇಳಿದರೆ ಅದನ್ನು ಭಯದಿಂದ ಹುಟ್ಟಿದ ಭ್ರಾಂತಿಯೆಂದು ತಳ್ಳಿಹಾಕಲಾಗದು. ಶಿಲೆ ಜಾರಿದಾಗ ಎರಡು ಬಗೆಯ ತರಂಗಗಳು ಹೊರಡುತ್ತವೆ. ಶಿಲೆಯನ್ನು ಒತ್ತುತ್ತ ಹಿಗ್ಗಿಸುತ್ತ ಸಾಗುವ ಪ್ರಾಥಮಿಕ ತರಂಗವು ಗಟ್ಟಿಶಿಲೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಿಂದ ಬರುತ್ತದೆ. ನೆಲವನ್ನು ಅಡ್ಡಡ್ಡಲಾಗಿ ತೂಗುವ ದ್ವಿತೀಯಕ ತರಂಗದ ವೇಗ ಸುಮಾರು 3.5 ಕಿಲೋಮೀಟರ್. ಭೂಕಂಪದ ನಾಭಿಯು, ಎಂದರೆ ಶಿಲೆ ಜಾರಿದ ಸ್ಥಾನವು, ಹೆಚ್ಚು ಆಳದಲ್ಲಿಲ್ಲದಿದ್ದರೆ, ಮೊದಲು ಬಂದ ತರಂಗದ ಶೀಘ್ರಸ್ಪಂದನವು ನೆಲದಿಂದ ಗಾಳಿಗೆ ದಾಟಿ ಕಿವಿಗೆ ಗುಡುಗಾಗಿ ಮುಟ್ಟುತ್ತದೆ. ಆಮೇಲೆ ದೇಹವು ಅಲುಗಾಟವನ್ನು ಅನುಭವಿಸುತ್ತದೆ. ಎರಡರ ನಡುವಣ ಅಂತರವು ಒಂದು ಸೆಕೆಂಡಾದರೆ ನಾಭಿಯು ಸುಮಾರು 8 ಕಿಲೋಮೀಟರ್ ದೂರದಲ್ಲಿದೆಯೆಂದು ಲೆಕ್ಕಹಾಕಬಹುದು. ಭೂಕಂಪಮಾಪಕಗಳ ಗಣಿತಕ್ಕೂ ಮೂಲ ಈ ತತ್ತ್ವವೇ.

ಕಂಪನದ ಪರಿಮಾಣವೂ ಅದು ಒಂದು ಸ್ಥಳದಲ್ಲಿ ತೋರುವ ತೀವ್ರತೆಯೂ ಬೇರೆ ಬೇರೆಯಾದವು. ಪರಿಮಾಣವು ನಾಭಿಯಲ್ಲಿ ಬಿಡುಗಡೆಯಾದ ಶಕ್ತಿಯ ಅಳತೆ. ಅದರಲ್ಲಿ ಒಂದು ಅಂಕ ಏರಿದರೆ ಶಕ್ತಿಯು ಸುಮಾರು 32 ಪಟ್ಟು ಏರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ವಿಸರ್ಜಿಸಿ ಬಂದು ಜನರು ನಿದ್ರಿಸುತ್ತಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮಗೊಳಿಸಿದ ಭೂಕಂಪದ ಪರಿಮಾಣ 6.2, ಅದರ ಶಕ್ತಿಯು ಚೆಂಬುವಿನ ಕಂಪನದ ಅರುವತ್ತು ಸಾವಿರ ಪಟ್ಟಿಗೂ ಮಿಗಿಲಾದುದು. ತೀವ್ರತೆಯಾದರೋ ದೂರವನ್ನೂ ಆಳವನ್ನೂ ನೆಲದ ಗುಣವನ್ನೂ ಅವಲಂಬಿಸಿರುತ್ತದೆ. ತಣ್ಣಗಾಗಿ ಗಟ್ಟಿಗೊಂಡ ನಮ್ಮ ಪುರಾತನ ಶಿಲೆಯು ತರಂಗಗಳನ್ನು ಬೇಗನೆ ನುಂಗುವುದಿಲ್ಲವಾದುದರಿಂದ, ಇಲ್ಲಿಯ ಭೂಕಂಪವು ಬಹುದೂರದವರೆಗೆ ಅನುಭವಕ್ಕೆ ಬರುತ್ತದೆ. 1900ರ ಫೆಬ್ರುವರಿ 8ರ ಕೊಯಮತ್ತೂರಿನ ಭೂಕಂಪವು ದಕ್ಷಿಣ ಭಾರತದ ಬಹುಭಾಗಕ್ಕೆ ತಿಳಿದುಬಂದಿತ್ತು.

ಸಣ್ಣ ಕಂಪನವು ದೊಡ್ಡದೊಂದರ ಮುನ್ಸೂಚನೆಯೇ ಎಂಬ ಪ್ರಶ್ನೆಯು ಭೀತರಾದ ಜನರ ಮನಸ್ಸಿನಲ್ಲಿ ಮೊದಲು ಏಳತಕ್ಕುದು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ 4.1 ಪರಿಮಾಣದ ಕಂಪನವಾದಾಗ ಅನೇಕ ಕುಟುಂಬಗಳು ಊರನ್ನೇ ತೊರೆದುಹೋದುದು ಈ ಪ್ರಶ್ನೆಯ ಭಾರದಿಂದಲೇ. ಕಿಲ್ಲಾರಿಯಲ್ಲಿ ಮಹಾಕಂಪಕ್ಕೆ ಹಿಂದಿನ ವರ್ಷ ಲಘುಕಂಪನಗಳಾಗಿದ್ದುದು ನಿಜ. ಆದರೆ ಲಘುಕಂಪನಗಳ ಬಹುಪಾಲು ಯಾವ ದೊಡ್ಡ ಭೂಕಂಪಕ್ಕೂ ದಾರಿಮಾಡದೆ ಅಡಗಿಹೋಗುವುದೂ ಅಷ್ಟೇ ನಿಜ. ಒಂದು ಲಘುಕಂಪನವು ಈ ಎರಡರಲ್ಲಿ ಯಾವ ಜಾತಿಯದೆಂದು ಮುಂಚಿತವಾಗಿ ಹೇಳುವ ವಿದ್ಯೆ ಮಾನವನಿಗೆ ಇನ್ನೂ ಸಿದ್ಧಿಸಿಲ್ಲ. ಆದುದರಿಂದ ದಿನವನ್ನೂ ಗಳಿಗೆಯನ್ನೂ ಹೇಳಿ ಭಯ ಹುಟ್ಟಿಸುವ ವದಂತಿಗೆ ಕಿವಿಗೊಡಬೇಕಾದುದಿಲ್ಲ.

ವಾಸ್ತವವಾಗಿ ಈ ನಾಡಿನಲ್ಲಿ ನಮಗಿರುವ ಅಪಾಯವು ಮರೆವಿನದು. ಪದೇ ಪದೇ ನಡುಗುವ ದೇಶದಲ್ಲಿ ಪ್ರತಿಯೊಂದು ತಲೆಮಾರೂ ತನ್ನ ಅನುಭವದಿಂದಲೇ ಪಾಠ ಕಲಿಯುತ್ತದೆ. ಇಲ್ಲಿಯಾದರೋ ಶಿಲೆಯ ಕಾಲಮಾನವು ಜನರ ಸ್ಮೃತಿಗಿಂತ ದೀರ್ಘವಾದುದು. 1843ರ ಏಪ್ರಿಲಿನಲ್ಲಿ ಬಳ್ಳಾರಿಯ ಸೀಮೆ ನಡುಗಿದುದನ್ನು ಇಂದು ಬಲ್ಲವರು ವಿರಳ. ಕಿಲ್ಲಾರಿಯೂ ಆಗಿನ ಭೂಕಂಪ ನಕ್ಷೆಯಲ್ಲಿ ಅತ್ಯಲ್ಪ ಅಪಾಯದ ವಲಯದಲ್ಲಿಯೇ ಇದ್ದಿತು. ಅಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಬಲಿತೆಗೆದುಕೊಂಡುದು, ಮಣ್ಣಿನ ಗಾರೆಯಲ್ಲಿ ದುಂಡುಕಲ್ಲುಗಳನ್ನು ಪೇರಿಸಿದ ದಪ್ಪ ಗೋಡೆಗಳೂ ಅವುಗಳ ಮೇಲಣ ಭಾರವಾದ ಮಣ್ಣಿನ ಮಾಳಿಗೆಗಳೂ. ನಮ್ಮ ಉತ್ತರದ ಜಿಲ್ಲೆಗಳ ಎಷ್ಟೋ ಹಳೆಯ ಮನೆಗಳು ಇಂದಿಗೂ ಇದೇ ರೀತಿಯವು. ಗೋಡೆಯ ಒಳಮೈ ಹೊರಮೈಗಳೆರಡನ್ನೂ ಹಿಡಿಯುವಂತೆ ಅಲ್ಲಲ್ಲಿ ಉದ್ದಗಲ್ಲುಗಳನ್ನು ಅಡ್ಡಲಾಗಿ ಇರಿಸಿ, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಕಬ್ಬಿಣದ ಸರಳುಳ್ಳ ಕಾಂಕ್ರೀಟಿನ ಪಟ್ಟಿಯೊಂದನ್ನು ಹಾಯಿಸಿ, ಮಾಳಿಗೆಯ ಮಣ್ಣಿನ ಭಾರವನ್ನು ಇಳಿಸಿದರೆ, ಅಂಥ ಮನೆಯಲ್ಲಿ ಪ್ರಾಣ ಉಳಿಯುವ ಸಂಭವ ಬಹಳ ಹೆಚ್ಚುತ್ತದೆ.

ಇನ್ನೊಂದು ಕರ್ತವ್ಯವೂ ಜನಸಾಮಾನ್ಯರಿಗೆ ಸೇರಿದೆ. ಗೌರಿಬಿದನೂರಿನಲ್ಲಿ ಪರಮಾಣು ಶಕ್ತಿ ವಿಜ್ಞಾನಿಗಳು 1965ರಲ್ಲಿ ನೆಲೆಗೊಳಿಸಿದ ಮಾಪಕಗಳು ದೂರದ ಖಂಡಗಳ ಕಂಪನಗಳನ್ನೂ ಗ್ರಹಿಸಬಲ್ಲವು. ಆದರೆ ಹಳ್ಳಿಹಳ್ಳಿಗೂ ಯಂತ್ರವಿಲ್ಲ, ಮನುಷ್ಯರಿದ್ದಾರೆ. ಕಂಪನವಾದ ಗಳಿಗೆ, ಕೇಳಿದ ಶಬ್ದ, ಅದಕ್ಕೂ ಅಲುಗಾಟಕ್ಕೂ ನಡುವಣ ಅಂತರ, ಬಿದ್ದ ಪಾತ್ರೆ, ಬಿರಿದ ಗೋಡೆ, ಇವನ್ನು ಒಬ್ಬ ಶಾಲಾ ಉಪಾಧ್ಯಾಯರು ಕ್ರಮವಾಗಿ ಬರೆದಿಟ್ಟು ತಾಲ್ಲೂಕು ಕಚೇರಿಗೆ ಕಳುಹಿಸಿದರೂ, ಯಾವ ಊರಿನಲ್ಲಿ ನೆಲವು ಎಷ್ಟು ಬಲವಾಗಿ ನಡುಗಿತೆಂಬ ನಕ್ಷೆಗೆ ಅದು ಅಮೂಲ್ಯವಾದ ಸಾಮಗ್ರಿಯಾಗುತ್ತದೆ. ಯಾರಿಗೂ ಹಾನಿಮಾಡದೆ ಹಾದುಹೋದ ಲಘುಕಂಪನವೊಂದನ್ನು ಬರೆದಿಡುವುದೂ, ಆ ವರ್ಷವೇ ಮನೆಯ ಗೋಡೆಯನ್ನು ಪರೀಕ್ಷಿಸಿ ಭದ್ರಪಡಿಸುವುದೂ, ಮುಂದೆ ಇದೇ ನೆಲದ ಮೇಲೆ ಬಾಳಲಿರುವವರಿಗೆ ನಾವು ಸಲ್ಲಿಸಬೇಕಾದ ಋಣ.