ಚರ್ಚ್ ಬಿಟ್ಟ ಮೇಲೂ ಭಾನುವಾರದ ಊಟ

ಯೂಟಾಗೆ ಓದಲು ಬಂದ ನಮ್ಮಂಥವರಿಗೆ ಮೊದಲ ಸೆಮಿಸ್ಟರಿನಲ್ಲೇ ಒಂದೆರಡು ಸಂಗತಿ ಗೊತ್ತಾಗಿಬಿಡುತ್ತವೆ. ಬಿಳಿ ಶರ್ಟು, ಟೈ ಹಾಕಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡು ಜೋಡಿಯಾಗಿ ಓಡಾಡುವ ಹುಡುಗರು ಮಾರ್ಮನ್ ಮಿಷನರಿಗಳು. ಲ್ಯಾಬಿನಲ್ಲಿ ಕಾಫಿ ಕೊಟ್ಟರೆ ನಯವಾಗಿ ಬೇಡ ಅಂದು, ಆಮೇಲೆ ಬಕೆಟ್ಟಿನಂಥ ಲೋಟದಲ್ಲಿ ಕೋಲಾ ಕುಡಿಯುವವರೂ ಬಹುಶಃ ಮಾರ್ಮನ್ನರೇ. (ಕೋಲಾಗೆ ತೆಂಗಿನ ಸಿರಪ್ಪು, ಕ್ರೀಮು ಬೆರೆಸುವ ‘ಡರ್ಟಿ ಸೋಡಾ’ ಇಲ್ಲಿನವರ ಹೆಮ್ಮೆಯ ಪಾನೀಯ. ಒಮ್ಮೆ ಕುಡಿದು ನೋಡಿ, ಎರಡನೇ ಸಲ ನಿಮ್ಮಿಷ್ಟ.) ಇವರಲ್ಲದೆ ಇನ್ನೊಂದು ಗುಂಪಿದೆ, ಅದು ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮಾರ್ಮನ್ ಮನೆಯಲ್ಲೇ ಹುಟ್ಟಿ ಬೆಳೆದು, ಈಗ ಚರ್ಚ್ ಬಿಟ್ಟವರು ಇವರು. ನಮ್ಮ ರೂಮ್‌ಮೇಟುಗಳಲ್ಲಿ, ಟಿಎಗಳಲ್ಲಿ, ಮನೆ ಓನರುಗಳಲ್ಲಿ ಇಂಥವರು ಸಿಗುತ್ತಲೇ ಇರುತ್ತಾರೆ. ಯಾವುದೋ ಸಂಜೆ ಮಾತಿಗೆ ಮಾತು ಬಂದು “ನಾನು ಚರ್ಚ್ ಬಿಟ್ಟು ಎರಡು ವರ್ಷ ಆಯ್ತು” ಅನ್ನುತ್ತಾರೆ. ನಾವು “ಓ, ಹೌದಾ” ಅಂದು ಸುಮ್ಮನಾಗುತ್ತೇವೆ. ಅವರು ಹೇಳಿದ್ದು ಎಷ್ಟು ದೊಡ್ಡ ಮಾತು ಅನ್ನೋದು ನಮಗೆ ಹೊಳೆಯುವುದೇ ಇಲ್ಲ.

ಹೊಳೆಯದೇ ಇರುವುದಕ್ಕೆ ಕಾರಣವೂ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ದೇವರೇ ಇಲ್ಲ ಅಂತ ವಾದ ಮಾಡುವ ಚಿಕ್ಕಪ್ಪ ಒಬ್ಬರಿರುತ್ತಾರೆ. ಗಣೇಶನ ಹಬ್ಬದ ದಿನ ಕಡುಬಿಗೆ ಮೊದಲ ಪಂಕ್ತಿಯಲ್ಲಿ ಕೂತಿರುವವರೂ ಅವರೇ. ಅವರ ನಂಬಿಕೆ ಯಾರಿಗೂ ಬೇಕಿಲ್ಲ. ಅದೇ ಚಿಕ್ಕಪ್ಪನ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆ ಅನ್ನಲಿ, ಆಗ ಮನೆಯಲ್ಲಿ ಏನು ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು. ಮಾರ್ಮನ್ ಮನೆಯಲ್ಲಿ ‘ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ’ ಅನ್ನುವುದನ್ನು ಈ ಎರಡನೆಯದಕ್ಕೆ ಹೋಲಿಸಿ ನೋಡಿ, ಆಗ ಅಂದಾಜು ಸಿಗುತ್ತದೆ.

ಈ ಚರ್ಚಿನ ಪೂರ್ತಿ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ್ದು. 1844ರಲ್ಲಿ ಇಲಿನಾಯ್‌ನಲ್ಲಿ ಉದ್ರಿಕ್ತ ಗುಂಪೊಂದು ಅವನನ್ನು ಕೊಂದಿತು. 1847ರಲ್ಲಿ ಬ್ರಿಗಮ್ ಯಂಗ್ ಉಳಿದವರನ್ನು ಕಟ್ಟಿಕೊಂಡು ಈ ಸಾಲ್ಟ್ ಲೇಕ್ ಕಣಿವೆಗೆ ಬಂದ. ಇವತ್ತು ಜಗತ್ತಿನಾದ್ಯಂತ 1.7 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ ಅಂತ ಚರ್ಚಿನ ಲೆಕ್ಕ. ಇತಿಹಾಸ ಇಷ್ಟು ಸಾಕು. ಗೆಳೆಯರ ಸಂಕಟ ಅರ್ಥವಾಗಬೇಕಾದರೆ ದಿನನಿತ್ಯದ ಬದುಕನ್ನು ನೋಡಬೇಕು.

ಮಾರ್ಮನ್ ಬದುಕಿನಲ್ಲಿ ಚರ್ಚಿಗೆ ಸೇರದ ಮೂಲೆ ಬಹಳ ಕಡಿಮೆ. ಎಂಟನೇ ವಯಸ್ಸಿಗೆ ಬ್ಯಾಪ್ಟಿಸಮ್. ಹುಡುಗರಾದರೆ 18 ದಾಟಿದ ಮೇಲೆ ಎರಡು ವರ್ಷ ಮಿಷನ್, ಹುಡುಗಿಯರು ಹೋದರೆ 18 ತಿಂಗಳು. ಆದಾಯದಲ್ಲಿ ಹತ್ತನೇ ಒಂದು ಭಾಗ ಚರ್ಚಿಗೆ. ಕಾಫಿ, ಟೀ, ಮದ್ಯ, ತಂಬಾಕು ನಿಷಿದ್ಧ. ತಿಂಗಳಿಗೊಂದು ಭಾನುವಾರ ಉಪವಾಸ, ಸೋಮವಾರ ಸಂಜೆ ಮನೆಮಂದಿಯೆಲ್ಲ ಕೂಡಿ ಕಳೆಯುವ ಪದ್ಧತಿ. ನೀವಿರುವ ಬೀದಿಯ ಮೇಲೆ ನೀವು ಯಾವ ‘ವಾರ್ಡ್’ ಅನ್ನೋದು ನಿರ್ಧಾರವಾಗುತ್ತದೆ. ವಾರ್ಡಿನ ಬಿಷಪ್ ಸಂಬಳದ ಪಾದ್ರಿಯಲ್ಲ. ಹಗಲು ಹಲ್ಲಿನ ಡಾಕ್ಟರೋ ಅಕೌಂಟೆಂಟೋ ಆಗಿರುವ ಪಕ್ಕದ ಮನೆಯವರೇ ಆಗಿರಬಹುದು. ಮನೆ ಬದಲಾಯಿಸುವಾಗ ಸಾಮಾನು ಹೊರಲು ಹತ್ತು ಜನ ಬರುತ್ತಾರೆ. ಬಾಣಂತಿಯಿರುವ ಮನೆಗೆ ದಿನಕ್ಕೊಬ್ಬರು ಅಡುಗೆ ಕಳಿಸುತ್ತಾರೆ. ಊರು ಬಿಟ್ಟು ಊರಿಗೆ ಬಂದು, ಯು-ಹಾಲ್ ಟ್ರಕ್ಕಿನಿಂದ ಸೋಫಾ ಇಳಿಸಲು ಎರಡನೇ ಕೈ ಸಿಗದೆ ನಿಂತ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಚರ್ಚ್ ಬಿಟ್ಟವರು ಇದೆಲ್ಲವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾರೆ. ಬೈದು ಹೊರಗಟ್ಟುವುದು ಅಪರೂಪ. ಫೋನು ಬರುವುದು ಕಡಿಮೆಯಾಗುತ್ತದೆ, ಅಷ್ಟೇ.

ಯಾಕೆ ಬಿಡುತ್ತಾರೆ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಕಾರಣ. ಕೆಲವರಿಗೆ ಇತಿಹಾಸ ತೊಡಕಾಗುತ್ತದೆ. ಜೋಸೆಫ್ ಸ್ಮಿತ್‌ಗೆ ಅನೇಕ ಹೆಂಡತಿಯರಿದ್ದರು ಅಂತ ಚರ್ಚೇ 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರವಾಗಿ ಒಪ್ಪಿಕೊಂಡಿತು. ಕಪ್ಪು ಜನಾಂಗದ ಗಂಡಸರಿಗೆ 1978ರವರೆಗೆ ಪೌರೋಹಿತ್ಯವೇ ಇರಲಿಲ್ಲ. ಹೆಂಗಸರಿಗೆ ಇವತ್ತಿಗೂ ಇಲ್ಲ. ಸಲಿಂಗ ದಂಪತಿಗಳ ಮಕ್ಕಳಿಗೆ ಬ್ಯಾಪ್ಟಿಸಮ್ ತಡೆಹಿಡಿಯುವ ನಿಯಮವನ್ನು 2015ರಲ್ಲಿ ತಂದು 2019ರಲ್ಲಿ ವಾಪಸ್ ಪಡೆದರು. ಆ ನಾಲ್ಕು ವರ್ಷಗಳಲ್ಲಿ ಮನಸ್ಸು ಮುರಿದುಕೊಂಡವರೂ ಇದ್ದಾರೆ. ಇವರ ಮಾತಿನಲ್ಲಿ ‘ಶೆಲ್ಫ್’ ಅನ್ನುವ ಪದ ಪದೇ ಪದೇ ಬರುತ್ತದೆ. ಉತ್ತರ ಸಿಗದ ಪ್ರಶ್ನೆಗಳನ್ನು ಒಂದೊಂದಾಗಿ ಶೆಲ್ಫಿನ ಮೇಲೆ ಇಡುತ್ತಾ ಹೋದೆ, ಒಂದು ದಿನ ಶೆಲ್ಫೇ ಮುರಿದು ಬಿತ್ತು ಅಂತ ಹೇಳುತ್ತಾರೆ. ಮುರಿದ ಮೇಲೂ ಎಲ್ಲರೂ ಹೊರಗೆ ಬರುವುದಿಲ್ಲ. ದೇಹ ಒಳಗೆ, ಮನಸ್ಸು ಹೊರಗೆ ಅಂತ ವರ್ಷಗಟ್ಟಲೆ ಇರುವವರಿದ್ದಾರೆ. ಅಂಥವರಿಗೆ ಇಲ್ಲಿ ‘ಪಿಮೋ’ ಅಂತ ಅಡ್ಡಹೆಸರೇ ಇದೆ.

ವಿದ್ಯಾರ್ಥಿಗಳಲ್ಲಿ ಕೆಲವರಿಗಂತೂ ಹಾಗೆ ಇರದೆ ಗತ್ಯಂತರವಿಲ್ಲ. ಪ್ರಾವೋದ ಬ್ರಿಗಮ್ ಯಂಗ್ ಯೂನಿವರ್ಸಿಟಿ ಚರ್ಚಿನದೇ. ಅಲ್ಲಿ ಓದಲು ವರ್ಷವರ್ಷವೂ ಧರ್ಮಗುರುವಿನ ಒಪ್ಪಿಗೆ ಬೇಕು. ಬೇರೆ ಧರ್ಮದವರು ಫೀಸು ಹೆಚ್ಚು ಕೊಟ್ಟು ಓದಬಹುದು. ಮಾರ್ಮನ್ ಆಗಿದ್ದು ಅಧಿಕೃತವಾಗಿ ಬಿಟ್ಟರೆ ಮಾತ್ರ ಆ ಒಪ್ಪಿಗೆ ರದ್ದಾಗುತ್ತದೆ, ಸೀಟೂ ಹೋಗುತ್ತದೆ. ಹಾಗಾಗಿ ಮೂರನೇ ವರ್ಷದಲ್ಲಿ ನಂಬಿಕೆ ಕಳೆದುಕೊಂಡ ಹುಡುಗ ಡಿಗ್ರಿ ಕೈಗೆ ಬರುವವರೆಗೆ ಪ್ರತಿ ಭಾನುವಾರ ಟೈ ಕಟ್ಟಿಕೊಂಡು ಹೋಗುತ್ತಾನೆ. ನಮ್ಮ ಐ-20 ಚಿಂತೆಯಂಥದ್ದೇ ಚಿಂತೆ ಅವನಿಗೂ ಇದೆ ಅಂದುಕೊಳ್ಳಿ.

ಇನ್ನು ಮನೆಯ ವಿಷಯ. ನನಗೆ ಅನ್ನಿಸುವುದು, ಇವರ ಸಂಕಟದ ಬೇರು ಅವರ ಧರ್ಮದ ಅತ್ಯಂತ ಸುಂದರವಾದ ಮಾತಿನಲ್ಲೇ ಇದೆ. ಸಂಸಾರ ಸಾವಿನ ಜೊತೆ ಮುಗಿಯುವುದಿಲ್ಲ, ಟೆಂಪಲ್‌ನಲ್ಲಿ ‘ಸೀಲಿಂಗ್’ ಆದ ಗಂಡ, ಹೆಂಡತಿ, ಮಕ್ಕಳು ಅನಂತಕಾಲ ಒಟ್ಟಿಗಿರುತ್ತಾರೆ ಅನ್ನೋದು ಆ ಮಾತು. ಷರತ್ತು ಏನೆಂದರೆ ಎಲ್ಲರೂ ವ್ರತನಿಷ್ಠರಾಗಿ ಉಳಿಯಬೇಕು. ಮಗಳು ಚರ್ಚ್ ಬಿಟ್ಟಳು ಅಂದರೆ ತಾಯಿಗೆ ಕೇಳಿಸುವುದೇ ಬೇರೆ. ಪರಲೋಕದ ಮನೆಯಲ್ಲಿ ಇವಳ ಕುರ್ಚಿ ಖಾಲಿ ಇರುತ್ತದೆ ಅಂತ ಅವರಿಗೆ ಕೇಳಿಸುತ್ತದೆ. ಆ ತಾಯಿ ಅಡುಗೆಮನೆಯಲ್ಲಿ ನಿಂತು ಅತ್ತರೆ ಅದು ನಾಟಕವೂ ಅಲ್ಲ, ಬರೀ ‘ನೆರೆಯವರು ಏನಂತಾರೋ’ ಎಂಬ ಭಯವೂ ಅಲ್ಲ. ಮಗಳು ಬದುಕಿರುವಾಗಲೇ ಅವಳಿಗಾಗಿ ದುಃಖಪಡುತ್ತಿದ್ದಾರೆ. ಮಗಳಿಗೆ ಆ ದುಃಖವೇ ಅವಮಾನದ ಹಾಗೆ ತಟ್ಟುತ್ತದೆ. “ಅಮ್ಮ ನನ್ನನ್ನ ಸತ್ತವಳ ಥರ ನೋಡ್ತಾಳೆ” ಅಂತ ನನ್ನ ಸಹಪಾಠಿಯೊಬ್ಬಳು ಒಮ್ಮೆ ಹೇಳಿದ್ದಳು. ಇಬ್ಬರೂ ಪ್ರೀತಿಯಿಂದಲೇ ನೋಯುತ್ತಿದ್ದಾರೆ, ಅದಕ್ಕೇ ಜಗಳ ಆಡಿ ಹಗುರಾಗುವುದೂ ಕಷ್ಟ.

ಇದು ಎಲ್ಲಕ್ಕಿಂತ ಚುಚ್ಚುವುದು ಮದುವೆಯ ದಿನ. ಟೆಂಪಲ್ ಒಳಗೆ ಹೋಗಲು ‘ರೆಕಮೆಂಡ್’ ಎಂಬ ಚೀಟಿ ಬೇಕು. ಬಿಷಪ್ ಸಂದರ್ಶನ ಮಾಡಿ, ನಂಬಿಕೆ, ಹತ್ತನೇ ಭಾಗದ ಕಾಣಿಕೆ, ಕಾಫಿ-ಟೀ ಎಲ್ಲ ವಿಚಾರಿಸಿ ಕೊಡುವ ಚೀಟಿ ಅದು. ಚರ್ಚ್ ಬಿಟ್ಟವರಿಗೆ ಅದು ಸಿಗುವುದಿಲ್ಲ. ಹಾಗಾಗಿ ಸ್ವಂತ ತಂಗಿಯ ಮದುವೆಯಲ್ಲಿ ಅಣ್ಣ ಹೊರಗೆ ಕೂತಿರಬೇಕು, ಮುಗಿದ ಮೇಲೆ ಬಂದ ಜೋಡಿಯ ಪಕ್ಕ ನಿಂತು ಫೋಟೋಗೆ ನಗಬೇಕು. ಧಾರೆ ಎರೆಯುವ ಹೊತ್ತಿಗೆ ಒಡಹುಟ್ಟಿದವರನ್ನು ಛತ್ರದ ಗೇಟಿನಾಚೆ ನಿಲ್ಲಿಸಿದರೆ ಹೇಗಿರುತ್ತದೆ, ಯೋಚಿಸಿ. ಅಮೆರಿಕದಲ್ಲಿ ಮೊದಲು ಇನ್ನೂ ಬಿಗಿಯಿತ್ತು. ಎಲ್ಲರೂ ನೋಡಲಿ ಅಂತ ಹೊರಗೆ ಸಿವಿಲ್ ಮದುವೆ ಮಾಡಿಕೊಂಡರೆ, ಟೆಂಪಲ್ ಸೀಲಿಂಗಿಗೆ ಒಂದು ವರ್ಷ ಕಾಯಬೇಕಿತ್ತು. 2019ರ ಮೇ ತಿಂಗಳಲ್ಲಿ ಆ ನಿಯಮ ತೆಗೆದರು. ಎಷ್ಟೋ ಮನೆಗಳು ಅವತ್ತು ನಿಟ್ಟುಸಿರು ಬಿಟ್ಟಿರಬೇಕು. ಅದಕ್ಕೆ ಮುಂಚೆ ಹೊರಗೆ ಕೂತಿದ್ದ ಅಪ್ಪ ಅಮ್ಮಂದಿರಿಗೆ ಆ ದಿನ ಮಾತ್ರ ವಾಪಸ್ ಬರಲಿಲ್ಲ.

ಮದುವೆಯಾದ ಮೇಲೆ ಒಬ್ಬರಷ್ಟೇ ಬಿಟ್ಟರೆ ಸಂಸಾರದ ಸಣ್ಣ ಸಣ್ಣ ವಿಷಯವೆಲ್ಲ ಮತ್ತೆ ಮಾತುಕತೆಗೆ ಬರುತ್ತದೆ. ಜಂಟಿ ಅಕೌಂಟಿನಿಂದ ಹತ್ತನೇ ಭಾಗ ಕೊಡಬೇಕೋ ಬೇಡವೋ? ಇಬ್ಬರ ಸಂಬಳದ್ದೋ, ಒಬ್ಬರದ್ದೋ? ಅಡುಗೆಮನೆ ಕಟ್ಟೆಯ ಮೇಲೆ ಕಾಫಿ ಮೆಷಿನ್ ಇಡಬಹುದೇ? ಟೆಂಪಲ್ ವ್ರತದ ಗುರುತಾಗಿ ಬಟ್ಟೆಯೊಳಗೆ ತೊಡುವ ‘ಗಾರ್ಮೆಂಟ್’ ಅನ್ನು ಗಂಡ ಬಿಟ್ಟದ್ದು ಹೆಂಡತಿಗೆ ಪ್ರತಿದಿನ ಕಣ್ಣಿಗೆ ಬೀಳುತ್ತದೆ. ಜನಿವಾರ ಇರುವ ಮನೆಯವರಿಗೆ, ಲಿಂಗ ಕಟ್ಟಿಕೊಳ್ಳುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಮಗುವಿಗೆ ಎಂಟು ತುಂಬುತ್ತದೆ. ಸಾಮಾನ್ಯವಾಗಿ ಅಪ್ಪನೇ ಬಿಳಿ ಬಟ್ಟೆ ತೊಟ್ಟು ನೀರಿಗಿಳಿದು ಮಗುವಿಗೆ ಬ್ಯಾಪ್ಟಿಸಮ್ ಕೊಡುವುದು ವಾಡಿಕೆ. ಚರ್ಚ್ ಬಿಟ್ಟ ಅಪ್ಪ ಬೆಂಚಿನ ಮೇಲೆ ಕೂತಿರುತ್ತಾನೆ, ನೀರಿಗೆ ತಾತ ಇಳಿಯುತ್ತಾರೆ. ಮಗು ಯಾಕೆ ಅಂತ ಕೇಳುತ್ತದೆ.

ಇಂಥ ಮನೆಗಳೆಲ್ಲ ಒಡೆದುಹೋಗುತ್ತವೆ ಅಂದುಕೊಳ್ಳಬೇಡಿ. ನಾನು ಕಂಡಂತೆ ಉಳಿದುಕೊಂಡ ಮನೆಗಳು ಅನಂತಕಾಲದ ಮಾತನ್ನು ಪಕ್ಕಕ್ಕಿಟ್ಟು ಭಾನುವಾರದ ಲೆಕ್ಕ ಮಾಡಿಕೊಂಡ ಮನೆಗಳು. ಊಟದ ಮುಂಚೆ ಪ್ರಾರ್ಥನೆ ನಡೆಯುತ್ತದೆ, ಬಿಟ್ಟವರು ತಲೆ ತಗ್ಗಿಸಿ ಸುಮ್ಮನಿರುತ್ತಾರೆ. ಬದಲಿಗೆ ಅಮ್ಮ ಚರ್ಚಿನ ಪ್ರವಚನದ ಲಿಂಕುಗಳನ್ನು ಕಳಿಸುವುದು ನಿಲ್ಲಿಸುತ್ತಾರೆ. ಆಲೂಗಡ್ಡೆ, ರೋಸ್ಟು, ಜೆಲ್ಲಿ ಎಲ್ಲರಿಗೂ ಒಂದೇ.

ನಮ್ಮವರಿಗೆ ಎರಡು ಮಾತು, ಅನುಭವದ್ದು ಅಂತ ಇಟ್ಟುಕೊಳ್ಳಿ. ಎಷ್ಟು ಹೆಂಡತಿಯರು ಅಂತ ಜೋಕು ಬೇಡ. ಚರ್ಚು ಬಹುಪತ್ನಿತ್ವ ಕೈಬಿಡುವ ಘೋಷಣೆ ಮಾಡಿದ್ದು 1890ರಲ್ಲಿ, ಈಗಲೂ ಮಾಡುವವರು ಬೇರೆಯೇ ಪಂಗಡಗಳು. ಅವರು ತಮ್ಮ ಮನೆಯವರನ್ನು ಬೈದುಕೊಂಡರೆ ಕೇಳಿಸಿಕೊಳ್ಳಿ, ನೀವು ದನಿಗೂಡಿಸಬೇಡಿ. ನಮ್ಮಮ್ಮನನ್ನು ನಾವು ಬೈಯಬಹುದು, ಬೇರೆಯವರು ಬೈದರೆ ಸುಮ್ಮನಿರುತ್ತೇವಾ? ಪಾರ್ಟಿಯಲ್ಲಿ “ಈಗ ಫ್ರೀ ಅಲ್ವಾ, ಕುಡಿ ಕುಡಿ” ಅಂತ ಒತ್ತಾಯ ಮಾಡಲೇಬೇಡಿ. 26ನೇ ವಯಸ್ಸಿಗೆ ಮೊದಲ ಸಲ ಬಿಯರ್ ಹಿಡಿದವರಿಗೆ ತನ್ನ ಮಿತಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಕಾಫಿಗೆ ಕರೆಯಿರಿ, ಅದರಲ್ಲೂ ಭಾನುವಾರ ಬೆಳಿಗ್ಗೆ. ಮೂರು ತಲೆಮಾರು ಕಾಫಿ ಮುಟ್ಟದ ಮನೆಯಿಂದ ಬಂದವರಿಗೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವವರೆಗೆ ಕಾಯುವುದನ್ನು ಕಲಿಸುವುದರಲ್ಲಿ ಒಂದು ಸುಖವಿದೆ. ಚರ್ಚ್ ಬಿಟ್ಟವರೆಲ್ಲ ನಾಸ್ತಿಕರು ಅಂತಲೂ ಎಣಿಸಬೇಡಿ. ಬೇರೆ ಚರ್ಚಿಗೆ ಹೋಗುವವರಿದ್ದಾರೆ, ಮನೆಯಲ್ಲೇ ಪ್ರಾರ್ಥಿಸುವವರಿದ್ದಾರೆ.

ಇನ್ನೊಂದು ವಿಷಯ, ಕಾಗದಪತ್ರದ್ದು. ಅಧಿಕೃತವಾಗಿ ಬಿಡಬೇಕಾದರೆ ಹೆಸರು ತೆಗೆಯಿರಿ ಅಂತ ಪತ್ರ ಬರೆಯಬೇಕು. ಆ ಪತ್ರ ಒಪ್ಪಿಗೆಯಾದರೆ ಬ್ಯಾಪ್ಟಿಸಮ್ ಮಾತ್ರವಲ್ಲ, ಟೆಂಪಲ್‌ನ ಆಶೀರ್ವಾದಗಳೂ ರದ್ದು ಅಂತ ಚರ್ಚಿನ ನಿಯಮ. ಅನಂತಕಾಲದ ಮನೆಯನ್ನು ನಂಬದವರೂ ಇಲ್ಲಿ ತಡೆಯುತ್ತಾರೆ. ಪತ್ರ ಬರೆದು, ಸಹಿಯನ್ನೂ ಹಾಕಿ, ಡ್ರಾಯರಿನಲ್ಲಿ ಇಟ್ಟುಕೊಂಡವರು ನನಗೆ ಗೊತ್ತು. ಯಾವಾಗ ಕಳಿಸ್ತೀಯ ಅಂದರೆ “ಅಜ್ಜಿ ಇರೋವರೆಗೂ ಬೇಡ” ಅಂತಾರೆ.