ತಂತ್ರಾಂಶ ಕೊಂಡರೆ ಪ್ರಾಜೆಕ್ಟ್ ಸಮಯಕ್ಕೆ ಮುಗಿಯುತ್ತದೆಯೇ?

ಐಟಿ ಕಂಪನಿಯಲ್ಲಿ ಕೆಲಸ ಮಾಡುವವರು ನಿಮ್ಮ ಮನೆಯಲ್ಲಿದ್ದರೆ ಶುಕ್ರವಾರ ಸಂಜೆ ಈ ಮಾತು ಕೇಳಿರುತ್ತೀರಿ: "ಅಯ್ಯೋ, ಟೈಮ್‌ಶೀಟ್ ತುಂಬೋದೇ ಮರೆತೆ!" ವಾರವಿಡೀ ಯಾವ ಪ್ರಾಜೆಕ್ಟಿಗೆ ಎಷ್ಟು ಗಂಟೆ ಕೆಲಸ ಮಾಡಿದೆವೆಂದು ಬರೆದಿಡುವ ಪಟ್ಟಿ ಇದು. ಬಹಳ ಜನಕ್ಕೆ ಇದು ಬೇಡದ ತಲೆನೋವು. ಆದರೆ ಈ ಪಟ್ಟಿಯ ಸುತ್ತ ದೊಡ್ಡದೊಂದು ಮಾರುಕಟ್ಟೆಯೇ ಬೆಳೆದಿದೆ. ಕಂಪನಿಗಳ ಪ್ರಾಜೆಕ್ಟುಗಳನ್ನೂ ಅವು ಕೊಡುವ ಸೇವೆಗಳನ್ನೂ ನಿರ್ವಹಿಸುವ ತಂತ್ರಾಂಶಗಳ ಮಾರುಕಟ್ಟೆ ಅದು. ಈ ತಂತ್ರಾಂಶಗಳು ಏನು ಮಾಡುತ್ತವೆ? ಅವುಗಳಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ?

ಸಮಯ ಮಾರುವ ವ್ಯಾಪಾರ

ಸೋಪು ತಯಾರಿಸುವ ಕಂಪನಿಯನ್ನು ನೆನೆಸಿಕೊಳ್ಳಿ. ಇವತ್ತು ಮಾರಾಟವಾಗದ ಸೋಪು ಗೋದಾಮಿನಲ್ಲಿರುತ್ತದೆ, ನಾಳೆ ಮಾರಬಹುದು. ಐಟಿ ಸೇವಾ ಸಂಸ್ಥೆ, ಲೆಕ್ಕಪರಿಶೋಧಕರ ಕಚೇರಿ, ವಾಸ್ತುಶಿಲ್ಪಿಗಳ ಸಂಸ್ಥೆ ಮುಂತಾದವು ಮಾರುವುದು ತಮ್ಮ ಜನರ ಸಮಯವನ್ನು. ಇವತ್ತು ಮಾರಾಟವಾಗದ ಗಂಟೆಯನ್ನು ನಾಳೆಗೆ ಎತ್ತಿಡಲಾಗದು. ಬಸ್ಸು ಹೊರಟ ಮೇಲೆ ಖಾಲಿ ಸೀಟಿನ ಟಿಕೆಟ್ ಮಾರಲಾಗದಲ್ಲ, ಹಾಗೆ!

ಅದಕ್ಕೇ ಈ ಸಂಸ್ಥೆಗಳು 'ಯುಟಿಲೈಸೇಶನ್' ಎಂಬ ಅಂಕಿಯನ್ನು ಸದಾ ಗಮನಿಸುತ್ತಿರುತ್ತವೆ. ವಾರದ 40 ಗಂಟೆಗಳಲ್ಲಿ 30 ಗಂಟೆಗೆ ಗ್ರಾಹಕರಿಂದ ಹಣ ಬರುವುದಾದರೆ ಯುಟಿಲೈಸೇಶನ್ ಶೇ. 75. ಯಾವ ಪ್ರಾಜೆಕ್ಟೂ ಇಲ್ಲದೆ ಕಾಯುತ್ತಿರುವವರು 'ಬೆಂಚ್' ಮೇಲಿದ್ದಾರೆ ಎನ್ನುವುದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಇನ್ಫೋಸಿಸ್‌ನಂತಹ ದೊಡ್ಡ ಸಂಸ್ಥೆಗಳು ತ್ರೈಮಾಸಿಕ ಫಲಿತಾಂಶದ ಜೊತೆಗೆ ಈ ಅಂಕಿಯನ್ನೂ ಪ್ರಕಟಿಸುತ್ತವೆ.

ಲೆಕ್ಕ ತಪ್ಪಿದರೆ ಎಷ್ಟು ನಷ್ಟ? ಇಪ್ಪತ್ತು ಇಂಜಿನಿಯರುಗಳ ಪುಟ್ಟ ಕಂಪನಿಯೊಂದಿದೆ, ಗಂಟೆಗೆ 2,000 ರೂಪಾಯಿ ಬಿಲ್ ಮಾಡುತ್ತದೆ ಎಂದುಕೊಳ್ಳಿ. ಪ್ರತಿಯೊಬ್ಬರೂ ವಾರಕ್ಕೆ ಎರಡು ಗಂಟೆ ಬರೆಯಲು ಮರೆತರೆ 40 ಗಂಟೆ ಸೋರಿಹೋಗುತ್ತದೆ. ಅಂದರೆ ವಾರಕ್ಕೆ 80,000 ರೂಪಾಯಿ, 48 ವಾರಕ್ಕೆ 38.4 ಲಕ್ಷ. ಕೆಲಸ ನಡೆದಿದೆ, ಸಂಬಳವನ್ನೂ ಕೊಟ್ಟಾಗಿದೆ, ಬಿಲ್ ಮಾತ್ರ ಹೋಗಿಲ್ಲ! ಶುಕ್ರವಾರ ಸಂಜೆ ಮ್ಯಾನೇಜರ್ ಅಷ್ಟೊಂದು ಕಾಡುವುದಕ್ಕೆ ಕಾರಣ ಇದು.

ಎರಡು ಬಗೆಯ ತಂತ್ರಾಂಶ

ಈ ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆಯ ತಂತ್ರಾಂಶಗಳಿವೆ. ಮೊದಲನೆಯದು ಪ್ರಾಜೆಕ್ಟ್ ನಿರ್ವಹಣೆಯದು: ಯಾವ ಕೆಲಸ ಯಾರದು, ಯಾವಾಗ ಮುಗಿಯಬೇಕು, ಎಲ್ಲಿ ನಿಂತಿದೆ ಎಂದು ತೋರಿಸುವಂಥದ್ದು. ಜಿರಾ, ಅಸಾನಾ, ಮೈಕ್ರೋಸಾಫ್ಟ್ ಪ್ರಾಜೆಕ್ಟ್, ಚೆನ್ನೈ ಮೂಲದ ಜೋಹೋ ಸಂಸ್ಥೆಯ ಜೋಹೋ ಪ್ರಾಜೆಕ್ಟ್ಸ್ ಈ ಗುಂಪಿನವು.

ಎರಡನೆಯದು 'ಪ್ರೊಫೆಷನಲ್ ಸರ್ವಿಸಸ್ ಆಟೊಮೇಶನ್', ಚಿಕ್ಕದಾಗಿ ಪಿಎಸ್‌ಎ. ಇದು ಕೆಲಸದ ಜೊತೆಗೆ ದುಡ್ಡಿನ ಲೆಕ್ಕವನ್ನೂ ನೋಡಿಕೊಳ್ಳುತ್ತದೆ. ಹೊಸ ಗ್ರಾಹಕ ಬರುವ ಸೂಚನೆ ಸಿಕ್ಕಿದಾಗ ಬಿಡುವಿರುವ ಪರಿಣತರು ಯಾರೆಂದು ಹುಡುಕುವುದು, ಅವರ ಗಂಟೆಗಳನ್ನು ದಾಖಲಿಸುವುದು, ಒಪ್ಪಂದದ ದರದಂತೆ ಬಿಲ್ ತಯಾರಿಸುವುದು, ಕೊನೆಗೆ ಈ ಪ್ರಾಜೆಕ್ಟಿನಿಂದ ಲಾಭ ಬಂತೇ ಎಂದು ಹೇಳುವುದು ಎಲ್ಲವೂ ಒಂದೇ ಕಡೆ. ಓಪನ್‌ಏರ್, ಸರ್ಟಿನಿಯಾ, ಕಂಟಾಟಾ ಇದಕ್ಕೆ ಉದಾಹರಣೆ.

ಒಪ್ಪಂದ ಎಂಥದ್ದು ಎನ್ನುವುದೂ ಇಲ್ಲಿ ಮುಖ್ಯ. ಗಂಟೆ ಲೆಕ್ಕದ ಒಪ್ಪಂದದಲ್ಲಿ ಬರೆಯದ ಗಂಟೆ ಎಂದರೆ ಕಳೆದುಹೋದ ಆದಾಯ. ನಿಗದಿತ ಮೊತ್ತದ ಒಪ್ಪಂದದಲ್ಲಿ ಗಂಟೆ ಹೆಚ್ಚಾದರೂ ಹಣ ಹೆಚ್ಚುವುದಿಲ್ಲ, ಹಾಗಾಗಿ ಅಂದಾಜು ತಪ್ಪಿದರೆ ನಷ್ಟ ಸೇವೆ ಕೊಡುವವರದ್ದೇ.

ಗೋಡೆಯ ಚಾರ್ಟಿನಿಂದ ಕ್ಲೌಡ್‌ವರೆಗೆ

ಕೆಲಸಗಳನ್ನು ಅಡ್ಡಪಟ್ಟಿಗಳಂತೆ ಬರೆದು ತೋರಿಸುವ ಗ್ಯಾಂಟ್ ಚಾರ್ಟಿಗೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಅಮೆರಿಕದ ಹೆನ್ರಿ ಗ್ಯಾಂಟ್ ಅದನ್ನು ಜನಪ್ರಿಯಗೊಳಿಸಿದ್ದು 1910ರ ದಶಕದಲ್ಲಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ 'ಪರ್ಟ್' ಎಂಬ ವಿಧಾನವನ್ನು ರೂಪಿಸಿತು. ಇದರಲ್ಲಿ ಪ್ರತಿ ಕೆಲಸಕ್ಕೂ ಮೂರು ಅಂದಾಜು ಬೇಕು: ಎಲ್ಲವೂ ಸರಿಹೋದರೆ, ಸಾಮಾನ್ಯವಾಗಿ, ಎಲ್ಲವೂ ಕೆಟ್ಟರೆ. ಈ ಮೂರು 4, 6 ಮತ್ತು 14 ದಿನ ಎಂದಾದರೆ, ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಉತ್ತರ 7 ದಿನ.

ಮೈಕ್ರೋಸಾಫ್ಟ್ ಪ್ರಾಜೆಕ್ಟ್ 1984ರಲ್ಲಿ ಬಂದ ಮೇಲೆ ಇಂಥ ಲೆಕ್ಕಗಳು ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿದವು. 2002ರಲ್ಲಿ ಸಿಡ್ನಿಯ ಅಟ್ಲಾಸಿಯನ್ ಸಂಸ್ಥೆ ತಂತ್ರಾಂಶದ ದೋಷಗಳನ್ನು ಪಟ್ಟಿಮಾಡಲು ಜಿರಾವನ್ನು ತಯಾರಿಸಿತು. ಗಾಡ್ಜಿಲ್ಲಾ ಎಂಬ ದೈತ್ಯನ ಜಪಾನೀ ಹೆಸರಾದ 'ಗೊಜಿರಾ'ದಿಂದ ಬಂದ ಹೆಸರಿದು.

ಆಮೇಲೆ ಬಂದದ್ದು ಕ್ಲೌಡ್ ಯುಗ. ತಂತ್ರಾಂಶವನ್ನು ಒಮ್ಮೆ ಕೊಂಡು ಇಟ್ಟುಕೊಳ್ಳುವ ಬದಲು ತಲೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂದು ಬಾಡಿಗೆ ಕಟ್ಟುವ ಪದ್ಧತಿ ಶುರುವಾಯಿತು. ಒಂದು ಕಂಪನಿಯ ವರ್ಷಗಟ್ಟಲೆಯ ದಾಖಲೆ ಒಂದು ತಂತ್ರಾಂಶದೊಳಗೆ ಸೇರಿದರೆ ಅದನ್ನು ಬಿಟ್ಟುಹೋಗುವುದು ಕಷ್ಟ. ಮಾರುವವರಿಗೆ ಇದು ಖಾತ್ರಿಯಾದ ಆದಾಯ. ದೊಡ್ಡ ಹೂಡಿಕೆದಾರರಿಗೆ ಇದರ ಮೇಲೆ ಕಣ್ಣು ಬಿದ್ದದ್ದು ಸಹಜವೇ. ಅಟ್ಲಾಸಿಯನ್ 2017ರಲ್ಲಿ ಟ್ರೆಲ್ಲೋವನ್ನು 42.5 ಕೋಟಿ ಡಾಲರಿಗೆ ಕೊಂಡಿತು. ಸಿಟ್ರಿಕ್ಸ್ 2021ರಲ್ಲಿ ರೈಕ್ ಸಂಸ್ಥೆಗೆ 225 ಕೋಟಿ ಡಾಲರ್ ಕೊಟ್ಟಿತು. ಮೇವನ್‌ಲಿಂಕ್ ಮತ್ತು ಕಿಂಬಲ್ ಎಂಬ ಎರಡು ಸಂಸ್ಥೆಗಳು ಒಂದಾಗಿ 2022ರಲ್ಲಿ ಕಂಟಾಟಾ ಆದವು.

ನಿಜವಾದ ಸಮಸ್ಯೆ ಎಲ್ಲಿದೆ?

ಇಷ್ಟೆಲ್ಲ ಉಪಕರಣಗಳಿದ್ದರೂ ಪ್ರಾಜೆಕ್ಟುಗಳು ತಡವಾಗುವುದು ನಿಂತಿಲ್ಲ. ಏಕೆ?

ಮೊದಲ ಕಾರಣ ನಮ್ಮ ತಲೆಯೊಳಗೇ ಇದೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲಿ ಇದನ್ನು 'ಪ್ಲಾನಿಂಗ್ ಫಾಲಸಿ' ಎಂದು ಕರೆದರು. ನಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ನಾವು ಸದಾ ಕಡಿಮೆ ಅಂದಾಜು ಮಾಡುತ್ತೇವೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುತ್ತದೆ ಎಂದಿದ್ದರು. ಎಲ್ಲವೂ ಕೆಟ್ಟರೆ ಸುಮಾರು 49 ದಿನ ಎಂದಿದ್ದರು. ನಿಜವಾಗಿ ಹಿಡಿದದ್ದು ಸುಮಾರು 55 ದಿನ! ತಂತ್ರಾಂಶಕ್ಕೆ ಇಂಥ ಅಂದಾಜನ್ನು ಕೊಟ್ಟರೆ ಅದು ತಪ್ಪನ್ನೇ ಚೆಂದದ ಚಾರ್ಟ್ ಮಾಡಿ ತೋರಿಸುತ್ತದೆ, ಅಷ್ಟೇ.

ಎರಡನೆಯದು, 'ತಡವಾಯಿತೇ? ಇನ್ನಷ್ಟು ಜನರನ್ನು ಹಾಕಿ' ಎನ್ನುವ ನಂಬಿಕೆ. ಐಬಿಎಂನ ಓಎಸ್/360 ಯೋಜನೆಯನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಅಲ್ಲಗಳೆದಿದ್ದರು. ತಡವಾದ ತಂತ್ರಾಂಶ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ ಎನ್ನುವುದು ಅವರ ವಾದ. ಹೊಸಬರಿಗೆ ಹಳಬರೇ ಕೆಲಸ ಕಲಿಸಬೇಕು. ಮಾತುಕತೆಯ ಹೊರೆಯೂ ಹೆಚ್ಚುತ್ತದೆ: ಐದು ಜನರ ನಡುವೆ 10 ಜೋಡಿಗಳಾದರೆ, ಹತ್ತು ಜನರ ನಡುವೆ 45 ಜೋಡಿಗಳು.

ಮೂರನೆಯದು, ಅಳತೆಯೇ ಗುರಿಯಾಗಿಬಿಡುವ ಅಪಾಯ. ಯುಟಿಲೈಸೇಶನ್ ಕಡಿಮೆಯಾದರೆ ಬೈಗುಳ ಎಂದು ಗೊತ್ತಾದ ಕೂಡಲೇ ಪ್ರತಿ ದಿನದ ಕಾಲಂನಲ್ಲೂ ಎಂಟು ಗಂಟೆ ಬಂದು ಕೂರುತ್ತದೆ. ಆರು ಗಂಟೆಯ ಕೆಲಸ ಎಂಟಾಗುತ್ತದೆ, ಹನ್ನೊಂದು ಗಂಟೆ ದುಡಿದದ್ದೂ ಎಂಟೇ ಆಗುತ್ತದೆ. ಇಂಥ ಪಟ್ಟಿಯಿಂದ ಬಿಲ್ ಮಾಡಬಹುದು, ಪಾಠ ಕಲಿಯಲಾಗದು.

ಹಾಗಾದರೆ ಉಪಯೋಗವೇನು?

ಪ್ಲಾನಿಂಗ್ ಫಾಲಸಿಗೆ ಕಾನಮನ್ ಸೂಚಿಸಿದ ಮದ್ದು ಸರಳವಾದದ್ದು: ಈ ಕೆಲಸ ಎಷ್ಟು ದಿನ ಹಿಡಿಯಬಹುದು ಎಂದು ಊಹಿಸುವ ಮೊದಲು, ಇಂಥದ್ದೇ ಹಿಂದಿನ ಕೆಲಸಗಳು ನಿಜವಾಗಿ ಎಷ್ಟು ದಿನ ಹಿಡಿದವು ಎಂದು ನೋಡಿ. ಆ ಹಿಂದಿನ ಲೆಕ್ಕ ಸಿಗುವುದು ಟೈಮ್‌ಶೀಟಿನಲ್ಲೇ! ಅಂದಾಜು ಮಾಡಿದ್ದು ನೂರು ಗಂಟೆ, ಆದದ್ದು ನೂರಾ ನಲವತ್ತು ಎಂದು ಹತ್ತು ಪ್ರಾಜೆಕ್ಟುಗಳ ದಾಖಲೆ ಹೇಳಿದರೆ, ಹನ್ನೊಂದನೆಯದರ ಬೆಲೆ ನಿಗದಿ ಮಾಡುವಾಗ ಅದೇ ದಾರಿದೀಪ.

ಹಾಗಾಗಿ ಇಂಥ ತಂತ್ರಾಂಶ ಕೊಳ್ಳಲು ಹೊರಟವರು ಕೆಲವು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ನಮಗೆ ಬೇಕಿರುವುದು ಕೆಲಸದ ಪಟ್ಟಿಯೋ, ಬಿಲ್ಲಿನ ಲೆಕ್ಕವೋ? ಐದು ಜನರಿದ್ದಾಗ ಒಂದು ಸ್ಪ್ರೆಡ್‌ಶೀಟ್ ಸಾಕಾಗಬಹುದು. ಜನ ಹೆಚ್ಚಿದಂತೆ ಬಾಡಿಗೆ ಎಷ್ಟಾಗುತ್ತದೆ? ಬಿಟ್ಟುಹೋಗುವ ದಿನ ಬಂದರೆ ನಮ್ಮ ದಾಖಲೆಗಳನ್ನೆಲ್ಲ ಹೊರತೆಗೆಯಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕಚೇರಿಯಲ್ಲಿ 'ಅಂದಾಜು ತಪ್ಪಿತು' ಎಂದು ನಿಜ ಬರೆದವರಿಗೆ ಏನಾಗುತ್ತದೆ?

ಕೊನೆಯ ಪ್ರಶ್ನೆಗೆ ಯಾವ ತಂತ್ರಾಂಶದಲ್ಲೂ ಉತ್ತರವಿಲ್ಲ. ಅದಕ್ಕೆ ಮ್ಯಾನೇಜರೇ ಉತ್ತರ ಕೊಡಬೇಕು. ನಿಜ ಬರೆದವರನ್ನು ಬೈಯದ ಕಡೆ ಟೈಮ್‌ಶೀಟ್ ಉಪಯೋಗಕ್ಕೆ ಬರುತ್ತದೆ, ಬೈಯುವ ಕಡೆ ಅದು ಶುಕ್ರವಾರ ಸಂಜೆಯ ತಲೆನೋವಾಗಿಯೇ ಉಳಿಯುತ್ತದೆ.