ಸುಂಕದ ಕಟ್ಟೆಯನ್ನು ದಾಟಿದ ಗಣಕಯಂತ್ರಗಳು

ಕಡೂರಿನ ಬಯಲಿನಲ್ಲಾಗಲಿ, ತರೀಕೆರೆ ಅಜ್ಜಂಪುರಗಳಲ್ಲಾಗಲಿ, ಶಾಲೆಗೆ ಹಳೆಯ ಕಂಪ್ಯೂಟರನ್ನು ದಾನ ಮಾಡುವುದೆಂದರೆ ಹಾರ ಹಾಕಿ, ಭಾಷಣ ಮಾಡಿ ಮುಗಿಸತಕ್ಕ ಸುಲಭ ಕಾರ್ಯವೆಂದು ನಾವು ಭಾವಿಸಿರುವೆವಾದರೂ, ಒಂದು ಕಾಲಕ್ಕೆ ಆ ದಾನದ ಹಾದಿಗೆ ಸುಂಕದ ಇಲಾಖೆಯೇ ಅಡ್ಡವಾಗಿದ್ದಿತೆಂಬುದನ್ನು ಬಲ್ಲವರು ವಿರಳ.

1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಸಂಸ್ಥೆಯು ಸ್ಥಾಪಿತವಾದ ಬಳಿಕ, ರಫ್ತಿಗಾಗಿ ದುಡಿಯುತ್ತಿದ್ದ ಬೆಂಗಳೂರಿನ ಕಂಪನಿಗಳು ಸುಂಕ ತೆರದೆಯೇ ವಿದೇಶದ ಯಂತ್ರಗಳನ್ನು ತರಿಸಿಕೊಂಡವು. ಆದರೆ ಹಾಗೆ ಬಂದ ಯಂತ್ರವೆಲ್ಲವೂ ಸುಂಕದ ಇಲಾಖೆಗೆ ಬರೆದುಕೊಟ್ಟ ಬಾಂಡಿಗೆ ಒಳಪಟ್ಟದ್ದಾದುದರಿಂದ, ಅದನ್ನು ಆವರಣದಿಂದಾಚೆಗೆ ಬಿಟ್ಟುಕೊಡಬೇಕಾದರೆ ಬಿಟ್ಟಿದ್ದ ಸುಂಕವನ್ನು ತೆರಬೇಕಾಗಿದ್ದಿತು. ಕಂಪನಿಗೆ ಬೇಡವಾದುದು ಶಾಲೆಗೆ ಸಲ್ಲದ ವಿಚಿತ್ರ ಸ್ಥಿತಿಯಿದು! ಎರಡು ವರ್ಷ ಬಳಸಿದ ಯಂತ್ರಗಳನ್ನು ಲಾಭದ ಉದ್ದೇಶವಿಲ್ಲದ ಮಾನ್ಯತೆ ಪಡೆದ ವಿದ್ಯಾಸಂಸ್ಥೆಗಳಿಗೂ, ಸಾರ್ವಜನಿಕ ಗ್ರಂಥಾಲಯಗಳಿಗೂ, ಧರ್ಮಾಸ್ಪತ್ರೆಗಳಿಗೂ ಸುಂಕವಿಲ್ಲದೆ ದಾನ ಮಾಡಬಹುದೆಂಬ ವಿನಾಯಿತಿಯು ಈ ತೊಡಕನ್ನು ಬಿಡಿಸಿತು. ಇಂಥ ದಾನಕ್ಕೆಂದು ಇನ್ಫೋಸಿಸ್ 1999ರ ಜನವರಿಯಲ್ಲಿ ಆರಂಭಿಸಿದ ‘ಕಂಪ್ಯೂಟರ್ಸ್ ಅಟ್ ಕ್ಲಾಸ್‌ರೂಮ್ಸ್’ ಯೋಜನೆಯಲ್ಲಿ ಬಳಸಿದ ಯಂತ್ರ ಇನ್ಫೋಸಿಸಿನದು, ತಂತ್ರಾಂಶದ ಕೊಡುಗೆ ಮೈಕ್ರೋಸಾಫ್ಟಿನದು.

ತಂತ್ರಾಂಶವನ್ನು ಕೊಡುವ ದಾನಿ ಇಲ್ಲದೆಡೆ ಏನು ಗತಿ? ಈ ಪ್ರಶ್ನೆಗೆ ನನಗೆ ಅತ್ಯಂತ ಪ್ರಿಯವಾದ ಉತ್ತರವು ಬೆಂಗಳೂರಿನ ಸುದರ್ಶನ ಲೇಔಟಿನ ಕೊಳೆಗೇರಿಯದು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಬ ಸಂಘಟನೆಯ ಸ್ವಯಂಸೇವಕರು ಅಲ್ಲಿ ಡಾ. ಅಂಬೇಡ್ಕರರ ಹೆಸರಿನ ಸಮುದಾಯ ಗಣಕ ಕೇಂದ್ರವನ್ನು ನಡೆಸಿ, ಲೈಸೆನ್ಸಿನ ಶುಲ್ಕವಿಲ್ಲದ, ಪ್ರತಿಮಾಡಿ ಹಂಚಲು ಯಾರ ಅಪ್ಪಣೆಯೂ ಬೇಡದ ಸ್ವತಂತ್ರ ತಂತ್ರಾಂಶದಿಂದಲೇ ಬಡಮಕ್ಕಳಿಗೆ ವಿದ್ಯೆ ಹೇಳಿದರು. ಆ ಮಕ್ಕಳು ಗಿಂಪ್ ಎಂಬ ಚಿತ್ರತಂತ್ರಾಂಶದಲ್ಲಿ ಬರೆದ ಚಿತ್ರಗಳು ಕೊಳೆಗೇರಿಯ ಹೊರಗಿನ ಜನರ ಮೆಚ್ಚುಗೆಯನ್ನೂ ಪಡೆದವು. ಯಂತ್ರವನ್ನು ಇಳಿಸಿ ಹೊರಟುಹೋಗದೆ, ಮಗುವಿನ ಪಕ್ಕದಲ್ಲಿ ಕುಳಿತ ಆ ಸ್ವಯಂಸೇವಕರ ತಾಳ್ಮೆಯೇ ಇಲ್ಲಿ ನಿಜವಾದ ದಾನವೆಂದು ನಾನು ಬಗೆಯುತ್ತೇನೆ.

ಇತ್ತ ಶಾಲೆಗಳಲ್ಲಿ ಗಣಕಶಿಕ್ಷಣ ನೀಡುವ ‘ಮಾಹಿತಿ ಸಿಂಧು’ ಮೊದಲಾದ ಸರ್ಕಾರಿ ಯೋಜನೆಗಳೂ ಬಂದವು. ಅವುಗಳ ವಿವರ ಕಡತಗಳಲ್ಲಿದೆ. ನನ್ನನ್ನು ನೋಯಿಸುವ ಸಂಗತಿ ಬೇರೆ. ಶಾಲೆಯ ಸ್ಟಾಕ್ ರಿಜಿಸ್ಟರು ಯಂತ್ರದ ಸಂಖ್ಯೆಯನ್ನೂ ಬೆಲೆಯನ್ನೂ ಬಲ್ಲುದೇ ಹೊರತು, ಅದರ ಮುಂದೆ ಮೊದಲು ಕುಳಿತ ಹುಡುಗಿಯನ್ನಾಗಲಿ, ಕರೆಂಟು ಹೋದಾಗ ಕರಿಹಲಗೆಯ ಮೇಲೆ ಕೀಲಿಮಣೆಯ ಚಿತ್ರವನ್ನು ಬರೆದು ಪಾಠ ಮುಂದುವರಿಸಿದ ಮೇಷ್ಟರನ್ನಾಗಲಿ ಅರಿಯದು. ಆ ಕಾಲದ ಮುಖ್ಯೋಪಾಧ್ಯಾಯರಲ್ಲಿ ಅನೇಕರು ಈಗ ನಿವೃತ್ತರು. ಕಡೂರು, ತರೀಕೆರೆ, ಅಜ್ಜಂಪುರಗಳ ತರುಣರು ಅವರ ಮನೆಗಳಿಗೆ ಹೋಗಿ, ಅವರು ಹೇಳಿದುದನ್ನು ಬರೆದುಕೊಳ್ಳಲಿ. ಈ ಕೆಲಸಕ್ಕೆ ಮುಂದಿನ ವರ್ಷದವರೆಗೆ ಕಾಯುವುದು ಬೇಡ.